ತುವಾಲುವಿಗಾಗಿ ಪ್ರಾರ್ಥಿಸುವ ಮೊದಲು ನಮ್ಮ ಮನೆಯ ಗುಂಪಿನಲ್ಲಿ ನಡೆದ ಮಾತು

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಅರ್ಧಂಬರ್ಧ ಬರೆಯಬಾರದು, ಕನ್ನಡದಲ್ಲಿ ಪೂರ್ಣ ವಾಕ್ಯಗಳಲ್ಲಿಯೇ ಬರೆಯಬೇಕು ಎಂಬುದು ನಿವೃತ್ತ ಮುಖ್ಯೋಪಾಧ್ಯಾಯರಾದ ದೊಡ್ಡಪ್ಪ ಮಾಡಿದ ನಿಯಮ. ಒಂದು ಶನಿವಾರ ರಾತ್ರಿ ಅಲ್ಲಿ ನಡೆದ ಚರ್ಚೆಯನ್ನು ಮನೆಯವರ ಒಪ್ಪಿಗೆ ಪಡೆದು, ಹೆಸರುಗಳನ್ನು ತೆಗೆದು, ಇಲ್ಲಿ ಹಾಕುತ್ತಿದ್ದೇನೆ. ಹುಬ್ಬಳ್ಳಿ ಚಿಕ್ಕಪ್ಪ ದೊಡ್ಡಪ್ಪನ ತಮ್ಮ, ಅತ್ತೆ ದೊಡ್ಡಪ್ಪನ ತಂಗಿ; ಬೆಂಗಳೂರಿನ ಅಣ್ಣ ದೊಡ್ಡಪ್ಪನ ಮಗ, ನ್ಯೂಜಿಲೆಂಡಿನ ಆಕ್ಲಂಡಿನಲ್ಲಿರುವ ಅಕ್ಕ ಅತ್ತೆಯ ಮಗಳು. ಇಂಥದೇ ಸಂದೇಶ ನಿಮ್ಮ ಸಭೆಯ ಗುಂಪಿಗೂ ಬಂದಿರಬಹುದು.

ಹುಬ್ಬಳ್ಳಿ ಚಿಕ್ಕಪ್ಪ (ಫಾರ್ವರ್ಡ್): ತುರ್ತು ಪ್ರಾರ್ಥನೆ! ಪೆಸಿಫಿಕ್ ಸಾಗರದ ಕ್ರೈಸ್ತ ದೇಶವಾದ ತುವಾಲು ಈ ತಿಂಗಳ ಕೊನೆಯೊಳಗೆ ಸಂಪೂರ್ಣವಾಗಿ ಮುಳುಗಲಿದೆ. ಚಿತ್ರದಲ್ಲಿರುವ ಸಭಾಪಾಲಕರು ಸಮುದ್ರದಲ್ಲಿ ನಿಂತು ಕೊನೆಯ ದೀಕ್ಷಾಸ್ನಾನ ಕೊಡುತ್ತಿದ್ದಾರೆ. ಇದನ್ನು ಹತ್ತು ಗುಂಪುಗಳಿಗೆ ಕಳುಹಿಸಿರಿ. ಕಳುಹಿಸದವರು ಕರ್ತನಿಗೆ ಲೆಕ್ಕ ಒಪ್ಪಿಸಬೇಕಾಗುವುದು.

ಹುಬ್ಬಳ್ಳಿ ಚಿಕ್ಕಪ್ಪ: ಅಣ್ಣ, ನಾಳಿನ ಆರಾಧನೆಯಲ್ಲಿ ವಿಜ್ಞಾಪನೆಯ ಪ್ರಾರ್ಥನೆ ನಿಮ್ಮದೇ ಅಲ್ಲವೇ? ಈ ಸಹೋದರರನ್ನು ದಯವಿಟ್ಟು ನೆನಪಿಸಿಕೊಳ್ಳಿ. ನನಗೆ ಊಟ ಸೇರಲಿಲ್ಲ.

ಬೆಂಗಳೂರಿನ ಅಣ್ಣ: ಚಿಕ್ಕಪ್ಪ, ಈ ಸಂದೇಶದ ಮೂಲ ಯಾವುದೆಂದು ತಿಳಿಸುತ್ತೀರಾ? ಚಿತ್ರದಲ್ಲಿರುವವರು ಸಭಾಪಾಲಕರಲ್ಲ, ಅವರು ತುವಾಲುವಿನ ಅಂದಿನ ವಿದೇಶಾಂಗ ಸಚಿವ ಸೈಮನ್ ಕೋಫೆ. 2021ರ ನವೆಂಬರಿನಲ್ಲಿ ಗ್ಲಾಸ್ಗೋದಲ್ಲಿ ನಡೆದ ಹವಾಮಾನ ಸಮ್ಮೇಳನಕ್ಕಾಗಿ ಅವರು ಕೋಟು, ಟೈ ಧರಿಸಿ, ಪ್ಯಾಂಟು ಮಡಚಿಕೊಂಡು, ಮೊಣಕಾಲುದ್ದದ ಸಮುದ್ರದ ನೀರಿನಲ್ಲಿ ನಿಂತು ಮಾಡಿದ ಭಾಷಣದ ಚಿತ್ರವಿದು. ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಮುಂದಿರುವ ಭಾಷಣಪೀಠವೂ ಹಿಂದಿರುವ ಧ್ವಜಗಳೂ ಕಾಣಿಸುತ್ತವೆ. ಇನ್ನು, ಒಂದು ದೇಶ ಇಂಥ ತಿಂಗಳ ಇಂಥ ದಿನ ಮುಳುಗುತ್ತದೆಂದು ಯಾವ ವಿಜ್ಞಾನಿಯೂ ಹೇಳಿಲ್ಲ.

ದೊಡ್ಡಪ್ಪ: ಮಗನೇ, ಮೂಲ ಕೇಳುವುದು ತಪ್ಪಲ್ಲ, ಆದರೆ ಮೊದಲು ಮೊಣಕಾಲೂರಿ ಆಮೇಲೆ ಕೇಳಬೇಕು. ಹಸಿದವನು ಬಾಗಿಲಿಗೆ ಬಂದಾಗ ನಿಮ್ಮ ಅಜ್ಜ ಅವನ ಊರುಕೇರಿ ವಿಚಾರಿಸಿದ್ದನ್ನು ನಾನು ಕಂಡಿಲ್ಲ. ಅದಲ್ಲದೆ ಆದಿಕಾಂಡದ 9ನೆಯ ಅಧ್ಯಾಯದಲ್ಲಿ ದೇವರು ನೋಹನಿಗೆ ಮುಗಿಲುಬಿಲ್ಲನ್ನು ಗುರುತಾಗಿ ಕೊಟ್ಟು, ಇನ್ನು ಜಲಪ್ರಳಯದಿಂದ ಭೂಮಿಯನ್ನು ಹಾಳುಮಾಡುವುದಿಲ್ಲವೆಂದು ಒಡಂಬಡಿಕೆ ಮಾಡಿದ್ದಾನೆ. ಆ ದೇಶ ಮುಳುಗದು ಎಂಬ ನಂಬಿಕೆಯಿಂದಲೇ ನಾಳೆ ಪ್ರಾರ್ಥಿಸುತ್ತೇನೆ.

ಬೆಂಗಳೂರಿನ ಅಣ್ಣ: ಮುಳುಗುವುದೆಂದು ಸಂದೇಶ ಹೇಳುತ್ತದೆ, ಮುಳುಗದೆಂದು ಅಪ್ಪ ಹೇಳುತ್ತಾರೆ, ಹಾಗಾದರೆ ನಾವು ಬೇಡಿಕೊಳ್ಳುವುದು ಏನನ್ನು? ಆಕ್ಲಂಡ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 1971ರಿಂದ 2014ರವರೆಗೆ ತುವಾಲುವಿನ ಒಟ್ಟು ನೆಲ ಶೇಕಡಾ 2.9ರಷ್ಟು ಹೆಚ್ಚಾಗಿದೆ, ಏಕೆಂದರೆ ಅಲೆಗಳು ಹವಳದ ಚೂರುಗಳನ್ನೂ ಮರಳನ್ನೂ ದಡಕ್ಕೆ ತಂದು ಹಾಕುತ್ತವೆ. ಇದನ್ನೂ ಓದಿ ಮಾತನಾಡೋಣ.

ಹುಬ್ಬಳ್ಳಿ ಚಿಕ್ಕಪ್ಪ: ದ್ವೀಪ ಬೆಳೆಯುತ್ತಿದೆ ಎಂದು ಹೇಳಿ ಅವರ ಕಷ್ಟವೇ ಸುಳ್ಳು ಎನ್ನುತ್ತೀಯಾ? ನಾನು ಏನೇ ಕಳುಹಿಸಿದರೂ ಸುಳ್ಳು ಎನ್ನುವುದು ನಿನಗೆ ರೂಢಿಯಾಗಿದೆ. ಕೊರೊನಾ ಕಾಲದಲ್ಲಿ ಕಷಾಯದ ವಿಷಯಕ್ಕೆ ಇಡೀ ಗುಂಪಿನ ಮುಂದೆ ನನ್ನ ಮುಖ ಸಣ್ಣದು ಮಾಡಿದೆ. ನಿನ್ನ ಮದುವೆಯ ಆಮಂತ್ರಣದಲ್ಲಿ ನನ್ನ ಹೆಸರು ಬಿಟ್ಟುಹೋದಾಗ ನಾನು ಯಾರನ್ನೂ ಮೂಲ ಕೇಳಲಿಲ್ಲ, ಮೌನವಾಗಿ ಬಂದು ಎರಡು ದಿನ ಪಾತ್ರೆ ಎತ್ತಿಟ್ಟು ಹೋದೆ.

ಆಕ್ಲಂಡಿನ ಅಕ್ಕ: ಮಾವ, ಆ ಆಮಂತ್ರಣದ ಕರಡು ತಿದ್ದಿದವಳು ನಾನು, ತಪ್ಪು ನನ್ನದು. ಈ ಸಂದೇಶ ನೋಡಿದಾಗ ನನಗೆ ನೆನಪಾದದ್ದು 2021ರ ಮಾರ್ಚಿನ ಲೋಕ ಪ್ರಾರ್ಥನಾ ದಿನ. ಆ ವರ್ಷ ಪ್ರಾರ್ಥನಾ ಕ್ರಮವನ್ನು ಸಿದ್ಧಪಡಿಸಿದವರು ಪೆಸಿಫಿಕ್ ಸಾಗರದ ಇನ್ನೊಂದು ದ್ವೀಪದೇಶವಾದ ವನುವಾಟುವಿನ ಸ್ತ್ರೀಯರು. ಬಂಡೆಯ ಮೇಲೆ ಮನೆ ಕಟ್ಟಿದವನ ಸಾಮ್ಯವನ್ನು ಅವರು ಆರಿಸಿಕೊಂಡಿದ್ದರು; ಮುಖಪುಟದ ಚಿತ್ರದಲ್ಲಿ 2015ರ ಪ್ಯಾಮ್ ಚಂಡಮಾರುತದ ಅಲೆಯ ಕೆಳಗೆ ತಾಯಿಯೊಬ್ಬಳು ಮಗುವಿನ ಮೇಲೆ ಬಗ್ಗಿ ನಿಂತಿದ್ದಳು. ಅಜ್ಜಿ ಆ ಚಿತ್ರವನ್ನು ಕನ್ನಡಕದ ಹತ್ತಿರ ಹಿಡಿದು, ಭೂಪಟದ ಪುಸ್ತಕ ತರಿಸಿ, ‘ಎಲ್ಲಿದೆ ಎಂದು ತಿಳಿಯದೆ ಪ್ರಾರ್ಥಿಸಿದರೆ ವಿಳಾಸ ಬರೆಯದ ಕಾಗದ ಹಾಕಿದ ಹಾಗೆ’ ಎಂದು ಬೆರಳಿಟ್ಟು ತೋರಿಸುವವರೆಗೆ ನಮ್ಮನ್ನು ಬಿಡಲಿಲ್ಲ. ಅದು ಅವರ ಕೊನೆಯ ಪ್ರಾರ್ಥನಾ ದಿನವಾಯಿತು.

ದೊಡ್ಡಪ್ಪ: ಆ ಪುಸ್ತಕ ಈಗಲೂ ನನ್ನ ಬಳಿಯಿದೆ. ಪೆಸಿಫಿಕ್ ಪುಟದ ಅಂಚಿನಲ್ಲಿ ಅಮ್ಮನ ಪೆನ್ಸಿಲ್ ಗುರುತು ಹಾಗೆಯೇ ಇದೆ.

ಆಕ್ಲಂಡಿನ ಅಕ್ಕ: ಇಲ್ಲಿ ನನ್ನ ಆಸ್ಪತ್ರೆಯ ವಾರ್ಡಿನಲ್ಲಿ, ತುವಾಲುವಿನ ರಾಜಧಾನಿ ಫುನಾಫುಟಿಯಲ್ಲಿ ಹುಟ್ಟಿದ ಸಹೋದ್ಯೋಗಿಯೊಬ್ಬಳಿದ್ದಾಳೆ. ಅವಳ ತಾಯಿ ಇಂದಿಗೂ ಬೆಳಿಗ್ಗೆ ಎದ್ದ ಕೂಡಲೇ ಮನೆಯ ಹಿಂದಿನ ಮಳೆನೀರಿನ ತೊಟ್ಟಿಯನ್ನು ಬೆರಳ ಗೆಣ್ಣಿನಿಂದ ಮೇಲಿನಿಂದ ಕೆಳಕ್ಕೆ ತಟ್ಟುತ್ತಾ ಬರುತ್ತಾರಂತೆ. ಸದ್ದು ಎಲ್ಲಿ ಬದಲಾಗುತ್ತದೋ ಅಲ್ಲಿಯವರೆಗೆ ನೀರಿದೆ ಎಂದು ಲೆಕ್ಕ. 2011ರಲ್ಲಿ ಮಳೆ ಕೈಕೊಟ್ಟು ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಿದಾಗ, ಉಪ್ಪುನೀರನ್ನು ಸಿಹಿಮಾಡುವ ಯಂತ್ರಗಳನ್ನು ವಿಮಾನದಲ್ಲಿ ತರಬೇಕಾಯಿತು. ನಾನು ‘ನಿಮಗಾಗಿ ಏನು ಪ್ರಾರ್ಥಿಸಲಿ’ ಎಂದು ಕೇಳಿದರೆ ಅವಳು ಮೊದಲು ಹೇಳುವುದು ಮಳೆ.

ನಾನು: ಅಣ್ಣ ಹೇಳಿದ ಅಧ್ಯಯನ ನಿಜ, ಚಿಕ್ಕಪ್ಪನ ಆತಂಕವೂ ನಿಜ. ನೆಲದ ವಿಸ್ತೀರ್ಣ ಹೆಚ್ಚಿದ ಮಾತ್ರಕ್ಕೆ ಆ ನೆಲದ ಮೇಲೆ ಬಾಳುವೆ ಸುಲಭವಾಗುವುದಿಲ್ಲ. ಕಳೆದ ಮೂವತ್ತು ವರ್ಷಗಳಲ್ಲಿ ಅಲ್ಲಿ ಸಮುದ್ರಮಟ್ಟ ಸುಮಾರು 15 ಸೆಂಟಿಮೀಟರ್ ಏರಿದೆ ಎಂದು ನಾಸಾ ಹೇಳಿದೆ. ಹವಳದ ನೆಲ ಜರಡಿಯಂಥದು. ದೊಡ್ಡ ಭರತದ ದಿನಗಳಲ್ಲಿ ನೀರು ದಡ ದಾಟಿ ಬರುವುದಲ್ಲದೆ ಅಂಗಳದ ನಡುವೆ ನೆಲದೊಳಗಿನಿಂದಲೂ ಉಕ್ಕುತ್ತದೆ. ಅವರ ಮುಖ್ಯ ಗಡ್ಡೆಯಾದ ಪುಲಾಕಾವನ್ನು, ನಮ್ಮ ಕೆಸುವಿನ ಜಾತಿಯದು, ಸಿಹಿನೀರಿನ ಒರತೆ ಸಿಗುವವರೆಗೆ ಆಳವಾಗಿ ಗುಂಡಿ ತೋಡಿ ಬೆಳೆಯುತ್ತಾರೆ. ಆ ಒರತೆಗೆ ಉಪ್ಪು ಸೇರಿದರೆ ಗಡ್ಡೆ ಕೊಳೆಯುತ್ತದೆ. ದೊಡ್ಡಪ್ಪ, ನೀವು ಹೇಳಿದ ಮುಗಿಲುಬಿಲ್ಲಿನ ವಚನವನ್ನು ಹಿಡಿದುಕೊಂಡು ಊರು ಬಿಡಲೊಪ್ಪದ ಹಿರಿಯರು ಅಲ್ಲಿಯೂ ಇದ್ದಾರೆ. ಆದರೆ ಪೆಸಿಫಿಕ್ ಸಭೆಗಳು 2004ರಲ್ಲಿ ನೆರೆಯ ದ್ವೀಪದೇಶ ಕಿರಿಬಾಸ್‌ನಲ್ಲಿ ಸೇರಿ ಹೊರಡಿಸಿದ ‘ಓಟಿನ್ ತಾಯ್’, ಅಂದರೆ ಸೂರ್ಯೋದಯ, ಎಂಬ ಘೋಷಣೆಯಲ್ಲಿ ಈ ಹವಾಮಾನ ಬದಲಾವಣೆಯನ್ನು ಮನುಷ್ಯರಿಂದಾದ ಕೇಡೆಂದು ಕಂಡು, ಹೊಗೆ ಉಗುಳುವ ದೇಶಗಳು ಅದನ್ನು ತಗ್ಗಿಸಬೇಕೆಂದು ಕೇಳಿದವು. ದೇವರು ಮಾತಿಗೆ ತಪ್ಪಿದನೇ ಎಂಬ ಪ್ರಶ್ನೆ ಆಗ ಏಳುವುದೇ ಇಲ್ಲ.

ದೊಡ್ಡಪ್ಪ: ಇದನ್ನು ನಾನು ಯೋಚಿಸಬೇಕು. ಆದರೂ ತಮ್ಮನ ಉದ್ದೇಶ ಒಳ್ಳೆಯದಾಗಿದ್ದಾಗ ಸಂದೇಶದ ಒಂದೆರಡು ತಪ್ಪುಗಳನ್ನು ಇಷ್ಟು ಎಳೆದಾಡಬಾರದು.

ನಾನು: ಕ್ಷಮಿಸಿ ದೊಡ್ಡಪ್ಪ, ಆ ಜನರ ಚರಿತ್ರೆ ತಿಳಿದ ಮೇಲೆ ಹಾಗೆ ಬಿಡಲು ನನಗೆ ಮನಸ್ಸಾಗದು. 1861ರಲ್ಲಿ ಕುಕ್ ದ್ವೀಪಗಳ ಮನಿಹಿಕಿಯ ಸಭಾಸೇವಕ ಎಲೆಕಾನಾ ದೋಣಿ ದಾರಿತಪ್ಪಿ, ಎಂಟು ವಾರ ತೇಲಿ ತುವಾಲುವಿನ ನುಕುಲಾಏಲಾಏ ದ್ವೀಪ ಸೇರಿದಾಗ ಅಲ್ಲಿಗೆ ಸುವಾರ್ತೆ ತಲುಪಿತು. ಎರಡೇ ವರ್ಷಕ್ಕೆ, 1863ರಲ್ಲಿ, ಪೆರು ದೇಶಕ್ಕೆ ಆಳುಗಳನ್ನು ಹಿಡಿದೊಯ್ಯುವ ಹಡಗಿನವರು ಬಂದು, ದೇವರ ವಿಷಯ ಕಲಿಸುತ್ತೇವೆಂದು ಆಸೆ ತೋರಿಸಿ, ಆ ಒಂದೇ ದ್ವೀಪದಿಂದ ಸುಮಾರು 250 ಜನರನ್ನು ಹಡಗು ಹತ್ತಿಸಿದರು. ದೇವರ ಹೆಸರು ಹೇಳಿ ಸುಳ್ಳಾಡಿದ್ದರಿಂದ ಊರಿಗೆ ಊರೇ ಬರಿದಾದ ಜನರ ಬಗ್ಗೆ, ದೇವರ ಹೆಸರಿನಲ್ಲಿ ಇನ್ನೊಂದು ಸುಳ್ಳು ಹರಡಲು ನಾವು ಕಾರಣರಾಗಬಾರದು.

ಅತ್ತೆ: ಇಷ್ಟು ಹೊತ್ತು ಓದುತ್ತಾ ಸುಮ್ಮನಿದ್ದೆ, ಈಗ ಹೇಳಿಬಿಡುತ್ತೇನೆ. 2009ರ ಅಕ್ಟೋಬರ್ ಮೊದಲ ವಾರ ತುಂಗಭದ್ರೆಯ ನೀರು ನಮ್ಮ ಹೊಸ್ತಿಲು ದಾಟಿದಾಗ, ಬಳ್ಳಾರಿಯ ದೇವಾಲಯದಲ್ಲಿ ನೀವು ನನ್ನ ಹೆಸರು ಹಿಡಿದು, ಮನೆ ಕೊಚ್ಚಿಹೋಗಿ ಎಲ್ಲಿದ್ದಾಳೋ ತಿಳಿಯದು ಎಂದು ಪ್ರಾರ್ಥಿಸಿದಿರಿ. ನಾನು ಎಲ್ಲಿಯೂ ಹೋಗಿರಲಿಲ್ಲ. ಮಗಳನ್ನು ಮಾಳಿಗೆಯ ಮೇಲೆ ಕೂರಿಸಿ ಜೋಳದ ಚೀಲಗಳನ್ನು ಒಂದೊಂದಾಗಿ ಏರಿಸುತ್ತಿದ್ದೆ. ಕೆಳಗುಳಿದ ಚೀಲಗಳಲ್ಲಿ ಜೋಳ ನಾಲ್ಕನೆಯ ದಿನಕ್ಕೆ ಮೊಳಕೆಯೊಡೆದು, ನೂಲು ಸೀಳಿಕೊಂಡು ಬಿಳಿಯ ಬೇರುಗಳು ಹೊರಬಂದಿದ್ದವು. ಆ ಹುಳಿವಾಸನೆ ನನಗೆ ಇನ್ನೂ ಮರೆತಿಲ್ಲ. ಹನ್ನೊಂದು ದಿನ ಅಣ್ಣನೂ ಬರಲಿಲ್ಲ, ತಮ್ಮನೂ ಬರಲಿಲ್ಲ. ಪ್ರಾರ್ಥನೆ ಬೇಡವೆಂದು ಹೇಳುತ್ತಿಲ್ಲ, ಆ ಹನ್ನೊಂದು ರಾತ್ರಿ ನನ್ನನ್ನು ನಿಲ್ಲಿಸಿದ್ದೂ ಅದೇ. ಆದರೆ ಬದುಕಿದ್ದವಳನ್ನು ಹೋದವರ ಸಾಲಿಗೆ ಸೇರಿಸಿ ಪ್ರಾರ್ಥಿಸಿದ್ದರಿಂದಲೇ, ಅವಳಿಗೆ ಕುಡಿಯುವ ನೀರು ಬೇಕೇ, ಬೆಂಕಿಪೊಟ್ಟಣ ಬೇಕೇ ಎಂದು ಕೇಳಬೇಕೆಂಬುದು ಯಾರಿಗೂ ಹೊಳೆಯಲಿಲ್ಲ. ಆ ದ್ವೀಪದ ಹೆಣ್ಣುಮಕ್ಕಳನ್ನು ನಾಳೆ ಹಾಗೆ ಮಾಡಬೇಡಿ.

ಆಕ್ಲಂಡಿನ ಅಕ್ಕ: ಅಮ್ಮ ಹೇಳಿದ್ದೇ ಪೆಸಿಫಿಕ್ ಯುವಜನರ ಘೋಷಣೆ: ನಾವು ಮುಳುಗುತ್ತಿಲ್ಲ, ಹೋರಾಡುತ್ತಿದ್ದೇವೆ.

ದೊಡ್ಡಪ್ಪ: ತಂಗೀ, ನೀನು ಇಷ್ಟು ವರ್ಷ ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಸೇತುವೆ ಮುಳುಗಿತ್ತು ಎಂದು ನಾನು ಹೇಳಬಹುದು, ಆದರೆ ಐದನೆಯ ದಿನಕ್ಕೆ ಸೇತುವೆ ತೆರೆದಿತ್ತು, ನಾನು ಬರಬಹುದಾಗಿತ್ತು. ತಪ್ಪಾಯಿತು.

ದೊಡ್ಡಪ್ಪ: ಇನ್ನೊಂದು ಮಾತು. 1797ರಲ್ಲಿ ಪೆಸಿಫಿಕ್ ಸಾಗರದ ತಾಹಿತಿ ದ್ವೀಪಕ್ಕೆ ಬೋಧಕರನ್ನು ಇಳಿಸಿದ ಲಂಡನ್ ಮಿಷನ್ನೇ 1810ರಲ್ಲಿ ಜಾನ್ ಹ್ಯಾಂಡ್ಸ್ ಅವರನ್ನು ಬಳ್ಳಾರಿಗೆ ಕಳುಹಿಸಿತು. ಸತ್ಯವೇದವನ್ನು ಕನ್ನಡಕ್ಕೆ ತಂದವರಲ್ಲಿ ಅವರೊಬ್ಬರು. ಅದೇ ಮಿಷನ್ 1865ರಿಂದ ಸಮೋವಾದ ಬೋಧಕರನ್ನು ತುವಾಲುವಿಗೆ ಕಳುಹಿಸಿತು. ನಾವೂ ಅವರೂ ಒಂದೇ ಬೇರಿನವರು ಎಂದು ನಾಳೆ ಸಭೆಗೆ ತಿಳಿಸುತ್ತೇನೆ. ಅಲ್ಲಿಂದ ಹೊರಟುಹೋಗುತ್ತಿರುವವರ ಬಗ್ಗೆಯೂ ಯಾರಾದರೂ ಸರಿಯಾಗಿ ಬರೆದು ಕೊಡಿ.

ಬೆಂಗಳೂರಿನ ಅಣ್ಣ: ಅಪ್ಪ, ಆಸ್ಟ್ರೇಲಿಯಾ 2023ರ ನವೆಂಬರಿನಲ್ಲಿ ತುವಾಲುವಿನೊಡನೆ ಮಾಡಿಕೊಂಡ ಒಪ್ಪಂದದ ಹೆಸರು ‘ಫಾಲೆಪಿಲಿ’, ನೆರೆಹೊರೆಯವರು ಒಬ್ಬರನ್ನೊಬ್ಬರು ನೋಡಿಕೊಳ್ಳುವುದು ಎಂಬುದು ಅದರ ಭಾವ. ಅದರಂತೆ ವರ್ಷಕ್ಕೆ 280 ಜನರು ಅಲ್ಲಿ ಹೋಗಿ ನೆಲೆಸಬಹುದು. 2025ರ ಮೊದಲ ಚೀಟಿಯೆತ್ತುವಿಕೆಗೆ ಮನೆಯವರೂ ಸೇರಿ 8,750 ಜನರು ಹೆಸರು ಕೊಟ್ಟರು. ದೇಶದ ಒಟ್ಟು ಜನ ಸುಮಾರು 11 ಸಾವಿರ. ಹೆಸರು ಕೊಟ್ಟವರೆಲ್ಲ ಹೊರಟುಹೋದವರು ಎಂದು ದಯವಿಟ್ಟು ಹೇಳಬೇಡಿ. ಚಿಕ್ಕಪ್ಪ, ಕಷಾಯದ ದಿನ ನಾನು ನಿಮಗೆ ಫೋನು ಮಾಡಿ ಹೇಳಬೇಕಾಗಿತ್ತು, ಗುಂಪಿನಲ್ಲಿ ಅಲ್ಲ.

ದೊಡ್ಡಪ್ಪ: ನಾಳೆ ಹೀಗೆ ಬೇಡುತ್ತೇನೆ: ಫುನಾಫುಟಿಯ ತೊಟ್ಟಿಗಳಿಗೆ ಮಳೆಗಾಗಿ; ಪುಲಾಕಾ ಗುಂಡಿಗಳಲ್ಲಿ ಸಿಹಿನೀರಿಗಾಗಿ; ಚೀಟಿಯಲ್ಲಿ ಹೆಸರು ಬಂದು ಹೊರಡುವವರಿಗಾಗಿ, ಅವರು ಹೋದ ಮೇಲೆ ಖಾಲಿಯಾದ ಬೆಂಚುಗಳ ಮುಂದೆ ಬೋಧಿಸುವ ಸಭಾಪಾಲಕರಿಗಾಗಿ; ಹೊಗೆ ತಗ್ಗಿಸಬೇಕಾದ ದೇಶಗಳ ಅಧಿಕಾರಿಗಳ ಮನಸ್ಸು ತಿರುಗುವುದಕ್ಕಾಗಿ, ಅವುಗಳಲ್ಲಿ ನಮ್ಮದೂ ಒಂದು. ಎಲೆಕಾನಾ ಇಳಿದ ದ್ವೀಪದ ಹೆಸರನ್ನು ಬಿಡಿಸಿ ಬರೆ ಮಗಳೇ, ವೇದಿಕೆಯಲ್ಲಿ ತಡವರಿಸಬಾರದು.

ನಾನು: ನು-ಕು-ಲಾ-ಏ-ಲಾ-ಏ.

ಹುಬ್ಬಳ್ಳಿ ಚಿಕ್ಕಪ್ಪ: ನಾನು ಚಿತ್ರವನ್ನು ದೊಡ್ಡದು ಮಾಡಿ ನೋಡಿರಲಿಲ್ಲ. ಸಂದೇಶ ಏಳು ಗುಂಪುಗಳಿಗೆ ಹೋಗಿದೆ. ಎರಡರಲ್ಲಿ ಅಳಿಸಿದೆ, ಉಳಿದ ಐದರಲ್ಲಿ ಆಗಲೇ ‘ಆಮೆನ್’ ಬರತೊಡಗಿವೆ. ಅಣ್ಣ ಈಗ ಬರೆದ ಪ್ರಾರ್ಥನೆಯನ್ನೂ, ಚಿತ್ರ ಯಾರದೆಂಬುದನ್ನೂ ಒಂದೊಂದರಲ್ಲಿ ಕೈಯಾರೆ ಟೈಪು ಮಾಡಿ ಹಾಕುತ್ತಿದ್ದೇನೆ. ಮೂರು ಮುಗಿದವು.