ಆರೈಕೆ ಕೇಂದ್ರದಲ್ಲಿ ಅತ್ತೆಯನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲವೆಂಬ ಅನುಮಾನ: ಅನುಭವ ಇದ್ದವರು ತಿಳಿಸಿ

ಬದಿಯಡ್ಕದಿಂದ ಪ್ರಶ್ನೆ

ನನ್ನ ಅತ್ತೆಯವರಿಗೆ 78 ವರ್ಷ. ಪಾರ್ಶ್ವವಾಯುವಿನಿಂದ ಬಲಭಾಗ ಸ್ವಾಧೀನ ತಪ್ಪಿದ ಮೇಲೆ ಮಂಗಳೂರಿನ ಕಡೆಯ ಒಂದು ಆರೈಕೆ ಕೇಂದ್ರದಲ್ಲಿ ಐದು ತಿಂಗಳಿಂದ ಇದ್ದಾರೆ. ತಿಂಗಳ ಹಣ ತಪ್ಪದೆ ಕಟ್ಟುತ್ತಿದ್ದೇವೆ. ಗಂಡ ದುಬೈಯಲ್ಲಿ, ನನಗೆ ಶಾಲೆಯ ಕೆಲಸ. ಹದಿನೈದು ದಿನಕ್ಕೊಮ್ಮೆ ಭಾನುವಾರ ಹೋಗಿ ಬರುತ್ತೇನೆ. ಕಳೆದ ಬಾರಿ ಹಗಲೆಲ್ಲ ನಿದ್ದೆಯಲ್ಲೇ ಇದ್ದರು. ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು. ಹಿಮ್ಮಡಿಯಲ್ಲಿ ಒಂದು ಕೆಂಪು ಗುರುತು ಕಂಡಿತು. ಹೊದಿಕೆ ಸರಿಸಿ ಬೆನ್ನು ನೋಡಲು ಹೊರಟರೆ ‘ಈಗಷ್ಟೇ ಮಲಗಿಸಿದ್ದೇವೆ, ಎಬ್ಬಿಸಬೇಡಿ’ ಎಂದರು. ಇದು ವಯಸ್ಸಿನದೋ, ಅಸಡ್ಡೆಯದೋ? ಅಸಡ್ಡೆಯೇ ಆದರೆ, ನಾವು ಕೇರಳದವರು, ಕೇಂದ್ರ ಕರ್ನಾಟಕದ್ದು. ಯಾರಲ್ಲಿ ಹೇಳುವುದು?

ನೀರ್ಚಾಲಿನಿಂದ

ಅಕ್ಕ, ಮೊದಲು ಭಾನುವಾರ ಹೋಗುವುದನ್ನು ಬಿಡಿ. ಭಾನುವಾರ ನೆಂಟರು ಬರುವ ದಿನ. ನೆಲಕ್ಕೆ ಫಿನೈಲ್ ಬಿದ್ದಿರುತ್ತದೆ, ತಲೆ ಬಾಚಿರುತ್ತದೆ, ಹಾಸಿಗೆಯ ಬಟ್ಟೆ ಬದಲಾಗಿರುತ್ತದೆ. ನಾವು ಆರು ತಿಂಗಳು ಆ ಫಿನೈಲಿನ ವಾಸನೆಯನ್ನೇ ಶುಚಿತ್ವವೆಂದು ನಂಬಿದ್ದೆವು.

ನನ್ನ ಅಪ್ಪ ಇದ್ದದ್ದು ತೆಂಕು ದಿಕ್ಕಿನಲ್ಲಿ, ಕಣ್ಣೂರಿನ ಕಡೆ. ಅವರಿಗೆ ಕನ್ನಡ, ತುಳು ಬಿಟ್ಟು ಬೇರೆ ಬಾರದು. ‘ಒಂದಕ್ಕೆ ಹೋಗಬೇಕು’ ಎಂದರೆ ಅಲ್ಲಿನ ಹುಡುಗಿಗೆ ಏನೆಂದು ಅರ್ಥವಾಗಬೇಕು? ಎರಡು ಸಲ ಹಾಸಿಗೆ ಒದ್ದೆಯಾಯಿತು, ಮೂರನೆಯ ದಿನದಿಂದ ಡೈಪರ್ ಕಟ್ಟಿದರು. ನಡೆಯಬಲ್ಲ ಮನುಷ್ಯ ಮಲಗಿದಲ್ಲೇ ಆದದ್ದು ಹೀಗೆ. ಅವರದೂ ಬಲಗೈ ಸ್ವಾಧೀನದಲ್ಲಿ ಇರಲಿಲ್ಲ. ನೀರಿನ ಲೋಟವನ್ನು ದಿನವೂ ಬಲಬದಿಯ ಮೇಜಿನ ಮೇಲೇ ಇಡುತ್ತಿದ್ದರು. ಹೋದಾಗಲೆಲ್ಲ ಲೋಟ ತುಂಬಿಯೇ ಇರುತ್ತಿತ್ತು. ನೋಡಿ, ಎಷ್ಟು ಕಾಳಜಿ ಎಂದುಕೊಂಡಿದ್ದೆ. ನನ್ನಂಥ ದಡ್ಡ ಇನ್ನೊಬ್ಬನಿಲ್ಲ.

ಆ ಕೆಂಪು ಗುರುತನ್ನು ಬೆರಳಿನಿಂದ ಒತ್ತಿ ಬಿಡಿ. ಒತ್ತಿದಾಗ ಬಿಳಿಚಿಕೊಳ್ಳದೆ ಕೆಂಪಾಗಿಯೇ ಉಳಿದರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತ. ಕಪ್ಪು ಮೈಯವರಲ್ಲಿ ಕೆಂಪು ಕಾಣದು, ಆ ಜಾಗ ಬಿಸಿಯಾಗಿಯೋ ಗಟ್ಟಿಯಾಗಿಯೋ ಇರುತ್ತದೆ. ಹಿಮ್ಮಡಿ, ಸೊಂಟದ ಎಲುಬು, ಬೆನ್ನಿನ ಕೆಳತುದಿ, ಈ ಮೂರನ್ನು ನೋಡದೆ ಹಿಂದಿರುಗಬೇಡಿ. ಸ್ವತಃ ಹೊರಳಲಾಗದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಅದಕ್ಕೊಂದು ಚಾರ್ಟು ಇರುತ್ತದೆ, ಕೇಳಿ. ನಾವು ಕೇಳಿದ್ದು ಮಧ್ಯಾಹ್ನ ಮೂರಕ್ಕೆ. ಚಾರ್ಟಿನಲ್ಲಿ ನಾಲ್ಕು ಗಂಟೆಯ ಮನೆಯಲ್ಲೂ ಸಹಿ ಬಿದ್ದಿತ್ತು, ಆರರದರಲ್ಲೂ.

ನಿದ್ದೆಯ ವಿಷಯವನ್ನು ಹಗುರವಾಗಿ ಬಿಡಬೇಡಿ. ನೀರು ಸಾಲದೆ ಹೋದರೂ, ಮೂತ್ರದ ಸೋಂಕು ಇದ್ದರೂ ಮುದುಕರಿಗೆ ಮಂಪರು, ಗಲಿಬಿಲಿ ಬರುತ್ತದೆ. ರಾತ್ರಿ ಗಲಾಟೆ ಮಾಡಬಾರದೆಂದು ಮಾತ್ರೆ ಕೊಟ್ಟಿರುವುದೂ ಉಂಟು. ಈಗ ಕೊಡುತ್ತಿರುವ ಮಾತ್ರೆಗಳ ಪಟ್ಟಿ ಪಡೆದು, ಸೇರಿಸಿದ ದಿನದ ಚೀಟಿಯೊಂದಿಗೆ ಹೋಲಿಸಿ. ಬಳೆ ಜಾರುತ್ತದೆ ಎಂದಿರಲ್ಲ, ತೂಕ ನೋಡಿಸಿ. ಒಂದೇ ತಿಂಗಳಲ್ಲಿ ನೂರಕ್ಕೆ ಐದರಷ್ಟು ಇಳಿದಿದ್ದರೆ ಅದನ್ನು ವಯಸ್ಸಿನ ತಲೆಗೆ ಕಟ್ಟುವಂತಿಲ್ಲ.

ಉಪ್ಪಳದಿಂದ

ಅಲ್ಲಿನ ಆಯಾಗಳ ಮೇಲೆ ಹರಿಹಾಯಬೇಡಿ. ನಮ್ಮ ದೊಡ್ಡಮ್ಮ ಇದ್ದಲ್ಲಿ ರಾತ್ರಿ ಹದಿನಾಲ್ಕು ಮಂದಿಗೆ ಒಬ್ಬಳೇ. ಏನು ನಡೆಯುತ್ತಿದೆಯೆಂದು ನಮಗೆ ಗುಟ್ಟಾಗಿ ಹೇಳಿದವಳೂ ಅವಳೇ. ಹೋಗುವುದಿದ್ದರೆ ಸಂಜೆ ಏಳರ ಮೇಲೆ ಹೋಗಿ.

ಹೊಸಂಗಡಿಯಿಂದ

ವಕೀಲರ ಕಚೇರಿಯಲ್ಲಿ ಗುಮಾಸ್ತನಾಗಿ ಹತ್ತೊಂಬತ್ತು ವರ್ಷವಾಯಿತು. ಇಂಥ ಪ್ರಕರಣ ಬಂದಾಗ ನಾವು ಮೊದಲು ಕೇಳುವುದು ವೈದ್ಯರ ಚೀಟಿ. ಆದ್ದರಿಂದ ಮೊದಲು ಅತ್ತೆಯವರನ್ನು ಬೇರೆ ಆಸ್ಪತ್ರೆಗೆ ಕರೆದೊಯ್ಯಿರಿ. ಹುಣ್ಣಿನ ಅಳತೆ, ಯಾವ ಹಂತ, ನಿರ್ಜಲೀಕರಣ ಇದೆಯೇ, ಎಲ್ಲವನ್ನೂ ದಿನಾಂಕ ಸಹಿತ ಬರೆಸಿ. ಫೋಟೋ ತೆಗೆದ ಮೊಬೈಲನ್ನು ಮಾರಬೇಡಿ, ಮೂಲ ಚಿತ್ರ ಅದರಲ್ಲೇ ಉಳಿಯಲಿ.

ಗಡಿಯ ಚಿಂತೆ ಬೇಡ. ಹಣ ಕೊಟ್ಟು ಪಡೆದ ಸೇವೆಯಾದ್ದರಿಂದ ಗ್ರಾಹಕ ಆಯೋಗಕ್ಕೆ ಹೋಗಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಅವಕಾಶವಿದೆ. ಅಂದರೆ ಕೇಂದ್ರ ಮಂಗಳೂರಿನಲ್ಲಿದ್ದರೂ ನೀವು ಕಾಸರಗೋಡಿನ ಜಿಲ್ಲಾ ಆಯೋಗದಲ್ಲಿ ದೂರು ಹೂಡಬಹುದು. ಕಟ್ಟಿದ ಹಣ ಐದು ಲಕ್ಷದೊಳಗೆ ಇದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹೂಡಬೇಕು. ಧರ್ಮಾರ್ಥವಾಗಿ, ಒಂದು ಪೈಸೆ ಪಡೆಯದೆ ನೋಡಿಕೊಳ್ಳುವ ಆಶ್ರಮಗಳಿಗೆ ಈ ದಾರಿ ಇಲ್ಲ, ನೆನಪಿರಲಿ.

ಪೊಲೀಸರ ವಿಷಯ. ಕಾಯಿಲೆಯಿಂದ ಅಸಹಾಯಕರಾದವರನ್ನು ನೋಡಿಕೊಳ್ಳುತ್ತೇವೆಂದು ಕರಾರು ಮಾಡಿ, ಬೇಕೆಂದೇ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 357ನೆಯ ಸೆಕ್ಷನ್ ಪ್ರಕಾರ ಅಪರಾಧ. ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಳೆಯ ದಂಡಸಂಹಿತೆಯಲ್ಲಿ ಇದಕ್ಕೆ ದಂಡ 200 ರೂಪಾಯಿ ಮಾತ್ರ! ಆದರೆ ಇದರಲ್ಲಿ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕುವಂತಿಲ್ಲ, ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕು. ಅಜಾಗರೂಕತೆಯಿಂದ ತೀವ್ರ ಗಾಯವಾಗಿದ್ದರೆ 125ನೆಯ ಸೆಕ್ಷನ್ ಬರುತ್ತದೆ, ಅದಕ್ಕೆ ಎಫ್‌ಐಆರ್ ಆಗುತ್ತದೆ. ಅದನ್ನು ಯಾವ ಠಾಣೆಯಲ್ಲಿಯೂ ಕೊಡಬಹುದು. ‘ಅದು ನಮ್ಮ ವ್ಯಾಪ್ತಿಯಲ್ಲ’ ಎಂದು ಹಿಂದೆ ಕಳುಹಿಸುವಂತಿಲ್ಲ.

ವಕೀಲರ ಖರ್ಚಿನ ಬಗ್ಗೆ ಒಂದು ಮಾತು, ನನ್ನ ಧಣಿಗಳು ಓದದಿರಲಿ. ಕಾನೂನು ಸೇವೆಗಳ ಪ್ರಾಧಿಕಾರದಿಂದ ಮಹಿಳೆಯರಿಗೆ ಉಚಿತ ವಕೀಲರು ಸಿಗುತ್ತಾರೆ. ಅವರಿಗೆ ಆದಾಯದ ಮಿತಿ ಇಲ್ಲ. ಅರ್ಜಿಯನ್ನು ಅತ್ತೆಯವರ ಹೆಸರಿನಲ್ಲಿ ಹಾಕಿ. 15100ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ. ಹಿರಿಯರಿಗೆಂದೇ ಇರುವ ಸಹಾಯವಾಣಿ 14567.

ಪೆರ್ಲದಿಂದ

ಆರ್‌ಡಿಒ (ಕಂದಾಯ ವಿಭಾಗಾಧಿಕಾರಿ) ಕಚೇರಿಗೆ ದೂರು ಕೊಡಿ, ಹಿರಿಯ ನಾಗರಿಕರ ಕಾಯ್ದೆ ಇದೆಯಲ್ಲ?

ಹೊಸಂಗಡಿಯಿಂದ

ಎಲ್ಲರೂ ಹೀಗೆಯೇ ಹೇಳುತ್ತಾರೆ, ಅರ್ಜಿದಾರರು ಎರಡು ತಿಂಗಳು ಅಲೆಯುತ್ತಾರೆ. 2007ರ ಆ ಕಾಯ್ದೆಯ ನ್ಯಾಯಮಂಡಳಿ ಮುಖ್ಯವಾಗಿ ಮಕ್ಕಳಿಂದ, ಹತ್ತಿರದ ಬಂಧುಗಳಿಂದ ಜೀವನಾಂಶ ಕೊಡಿಸುವುದಕ್ಕೆ. ಆರೈಕೆ ಕೇಂದ್ರದಿಂದ ಪರಿಹಾರ ಕೊಡಿಸುವುದಕ್ಕಲ್ಲ. ಅಣ್ಣ ತಮ್ಮಂದಿರಲ್ಲಿ ಯಾರೋ ಹಣ ಕೊಡುತ್ತಿಲ್ಲವೆಂದಾದರೆ ಅಲ್ಲಿಗೆ ಹೋಗಿ.

ಮುಳ್ಳೇರಿಯದಿಂದ

ಭಾಷೆಯ ವಿಷಯ ಯಾರೂ ಹೇಳಲಿಲ್ಲ. ನಾನು ಕನ್ನಡದಲ್ಲಿ ಬರೆದ ದೂರನ್ನು ಒಂದು ಕಚೇರಿಯಲ್ಲಿ ‘ಮಲಯಾಳದಲ್ಲಿ ಬರೆದು ತನ್ನಿ’ ಎಂದು ಹಿಂದಿರುಗಿಸಿದರು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ನಮ್ಮ ಕಡೆಯ ಕನ್ನಡಿಗರಿಗೆ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕಿದೆ. ಕಾಯ್ದೆಯ ಹೆಸರು ಹೇಳಿ, ‘ಸ್ವೀಕರಿಸುವುದಿಲ್ಲವೆಂದು ಬರೆದುಕೊಡಿ’ ಎಂದ ಮೇಲೆ ಮುದ್ರೆ ಬಿತ್ತು. ಕೇಂದ್ರಕ್ಕೆ ಸೇರಿಸುವಾಗ ಸಹಿ ಹಾಕಿದ ಕರಾರನ್ನೂ ಹುಡುಕಿ ತೆಗೆಯಿರಿ. ನಮ್ಮದರಲ್ಲಿ ‘ಯಾವುದೇ ಅನಾಹುತಕ್ಕೆ ಸಂಸ್ಥೆ ಹೊಣೆಯಲ್ಲ’ ಎಂದಿತ್ತು. ಆ ಒಂದು ಸಾಲಿಗೆ ಹೆದರಿ ಎಂಟು ತಿಂಗಳು ಸುಮ್ಮನೆ ಕುಳಿತೆವು. ಅಷ್ಟರಿಂದಲೇ ಆಯೋಗದ ಬಾಗಿಲು ಮುಚ್ಚುವುದಿಲ್ಲವೆಂದು ಆಮೇಲೆ ವಕೀಲರು ಹೇಳಿದರು.

ಕಾಞಂಗಾಡಿನಿಂದ

ನಾನು ಕೇಸು ಹಾಕಲಿಲ್ಲ. ಅಮ್ಮನ ಬೆನ್ನಿನ ಹುಣ್ಣು ಎಲುಬು ಕಾಣುವಷ್ಟು ಆಳವಾಗಿತ್ತು. ಕೇಂದ್ರದವರು ಠೇವಣಿ ಹಿಂದಿರುಗಿಸಿ, ‘ನಮ್ಮಿಂದ ಯಾವ ದೂರೂ ಇಲ್ಲ’ ಎಂದು ಬರೆಸಿಕೊಂಡರು. ಅಂದು ನನಗೆ ಅಮ್ಮ ಆಂಬುಲೆನ್ಸ್ ಹತ್ತಿದರೆ ಸಾಕಾಗಿತ್ತು, ಸಹಿ ಹಾಕಿದೆ. ಈಗ ನಡುರಾತ್ರಿ ಎಚ್ಚರವಾದಾಗ ಆ ಕಾಗದ ನೆನಪಾಗುತ್ತದೆ. ಅಂಥ ಕಾಗದ ಮುಂದಿಟ್ಟರೆ ‘ಗಂಡನನ್ನು ಕೇಳಿ ಹೇಳುತ್ತೇನೆ’ ಎಂದಾದರೂ ಹೇಳಿ ಎದ್ದು ಬನ್ನಿ, ತಂಗಿ.

ಮನೆಗೆ ಕರೆತರುವುದಾದರೆ ಪಂಚಾಯತಿನ ಪ್ಯಾಲಿಯೇಟಿವ್ (ಹಾಸಿಗೆ ಹಿಡಿದವರನ್ನು ಮನೆಗೇ ಬಂದು ನೋಡುವ) ನರ್ಸಿಗೆ ತಿಳಿಸಿ, ಆಶಾ ಕಾರ್ಯಕರ್ತೆಯ ಮೂಲಕ ಹೇಳಿದರೂ ಆಗುತ್ತದೆ. ನಮ್ಮಲ್ಲಿಗೆ ಬಂದವರು ಹುಣ್ಣು ತೊಳೆದು ಕಟ್ಟುವುದನ್ನು ನನಗೂ ಕಲಿಸಿದರು. ನಾಲ್ಕು ತಿಂಗಳಲ್ಲಿ ಹುಣ್ಣು ಮುಚ್ಚಿತು. ಅಮ್ಮ ಮತ್ತೆ ಒಂದೂವರೆ ವರ್ಷ ಇದ್ದರು.

ಬದಿಯಡ್ಕದಿಂದ

ಬುಧವಾರ ರಾತ್ರಿ ಏಳೂವರೆಗೆ ಮೈದುನನನ್ನು ಕರೆದುಕೊಂಡು ಹೋದೆ. ಗೇಟಿನಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸಿದರು. ಹಿಮ್ಮಡಿಯ ಗುರುತು ಒತ್ತಿದರೂ ಬಿಳಿಚಲಿಲ್ಲ. ಬೆನ್ನಿನ ಕೆಳಗೆ ಚರ್ಮ ಸುಲಿದು ಡೈಪರಿಗೆ ಅಂಟಿಕೊಂಡಿತ್ತು. ಅದೇ ರಾತ್ರಿ ಆಸ್ಪತ್ರೆಗೆ ಸೇರಿಸಿದೆವು. ಮೂತ್ರದ ಸೋಂಕೂ ಇದೆಯಂತೆ. ನಿನ್ನೆ ಕಣ್ಣು ಬಿಟ್ಟು, ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ಒಳಗೆ ತಂದಿರೋ ಎಂದು ಕೇಳಿದರು. ಇವರ ಟಿಕೆಟ್ ಆಗಿದೆ, ಶನಿವಾರ ಬರುತ್ತಾರೆ. ಕೇಂದ್ರದವರು ಚಾರ್ಟಿನ ಪ್ರತಿ ಕೊಡುವುದಿಲ್ಲ ಎನ್ನುತ್ತಿದ್ದಾರೆ. ಏನು ಮಾಡಲಿ?

ಹೊಸಂಗಡಿಯಿಂದ

ಬಾಯಿಮಾತಿನಲ್ಲಿ ಕೇಳಬೇಡಿ, ಬರೆದು ಕೇಳಿ. ವೈದ್ಯರ ದಾಖಲೆಯನ್ನು ರೋಗಿಯ ಕಡೆಯವರು ಕೇಳಿದ 72 ಗಂಟೆಯೊಳಗೆ ವೈದ್ಯರು ಕೊಡಬೇಕೆಂಬ ನಿಯಮ 2002ರಿಂದಲೇ ಇದೆ. ಅಲ್ಲಿಗೆ ಬಂದು ಹೋಗುತ್ತಿದ್ದ ವೈದ್ಯರ ಹೆಸರಿಗೂ ಒಂದು ಪತ್ರ ಹೋಗಲಿ. ಚಾರ್ಟು, ಮಾತ್ರೆಗಳ ಪಟ್ಟಿ, ತೂಕದ ಪುಸ್ತಕ ಎಂದು ಪ್ರತ್ಯೇಕವಾಗಿ ಹೆಸರಿಸಿ. ಕೊಡದಿದ್ದರೆ ಅವನ್ನು ತರಿಸುವಂತೆ ಆಯೋಗವನ್ನೇ ಕೇಳಬಹುದು. ಪತ್ರವನ್ನು ಇಂದೇ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ರಶೀದಿಯ ಝೆರಾಕ್ಸ್ ತೆಗೆದಿಡಿ. ಆ ಶಾಯಿ ಆರು ತಿಂಗಳಲ್ಲಿ ಮಾಸಿಹೋಗುತ್ತದೆ.