ಅಪ್‌ಡೇಟ್: ಕೆಲಸದ ಜತೆ ಎ ಪ್ಲಸ್, ಕೋರ್ 1 ಮುಗಿಯಿತು

ಶಿಫ್ಟ್ ಕೆಲಸದ ನಡುವೆ ಕಾಂಪ್‌ಟಿಯಾ ಎ ಪ್ಲಸ್‌ನ (ಕಂಪ್ಯೂಟರ್ ಸಪೋರ್ಟ್ ಕೆಲಸದ ಸರ್ಟಿಫಿಕೇಟ್) ಎರಡೂ ಪೇಪರ್, ಅಂದರೆ ಕೋರ್ 1 ಮತ್ತು ಕೋರ್ 2, ಒಟ್ಟಿಗೆ ಕಟ್ಟಬಹುದೇ ಎಂದು ಕೇಳಿದ್ದೆ. ಬೇಡ ಅಂದವರ ಮಾತೇ ಸರಿ. ಒಂದೊಂದಾಗಿ ಬರೆಯಿರಿ, ಆದರೆ ಎರಡೂ ಒಂದೇ ಸೀರೀಸ್‌ನವಾಗಿರಲಿ. ಹಳೆ ಸೀರೀಸ್‌ನ ಕೋರ್ 1 (1101) ಜತೆ ಹೊಸ ಸೀರೀಸ್‌ನ ಕೋರ್ 2 (1202) ಸೇರಿಸಿದರೆ ಸರ್ಟಿಫಿಕೇಟ್ ಸಿಗುವುದಿಲ್ಲ.

ಪ್ರತಿ ಪೇಪರ್‌ಗೆ 90 ನಿಮಿಷ, ಗರಿಷ್ಠ 90 ಪ್ರಶ್ನೆ. ಸಮಯ ನುಂಗುವುದು ಕೈಯಾರೆ ಮಾಡಿ ತೋರಿಸುವ ಪ್ರಶ್ನೆಗಳು. ಸಾಮಾನ್ಯವಾಗಿ ಶುರುವಿನಲ್ಲೇ ಎದುರಾಗುತ್ತವೆ. ಅವನ್ನು ಫ್ಲ್ಯಾಗ್ ಮಾಡಿ (ಮತ್ತೆ ನೋಡಲು ಗುರುತು ಹಾಕಿ) ಮುಂದೆ ಹೋಗಿ, ಅವಕ್ಕೆಂದು ಕೊನೆಗೆ ಇಪ್ಪತ್ತು ನಿಮಿಷವಾದರೂ ಉಳಿಸಿಕೊಳ್ಳಿ.

ನೆಟ್‌ವರ್ಕ್ ಸೇವೆಗಳನ್ನು ಗುರುತಿಸುವ ಪೋರ್ಟ್ ನಂಬರ್ ಬರೀ ಉರು ಹೊಡೆದರೆ ಸಾಲದು. 169.254ರಿಂದ ಶುರುವಾಗುವ ಐಪಿ ವಿಳಾಸ ಕಂಡರೆ, ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್‌ನಿಂದ ಉತ್ತರ ಬಂದಿಲ್ಲ ಎಂದು ತಕ್ಷಣ ಹೊಳೆಯಬೇಕು. ಆಗ ಮೊದಲು ಕೇಬಲ್, ಆಮೇಲೆ ನೆಟ್‌ವರ್ಕ್ ಸ್ವಿಚ್‌ನಲ್ಲಿ ಕೇಬಲ್ ಸಿಕ್ಕಿಸುವ ಪೋರ್ಟ್, ನಂತರ ಆ ಸರ್ವರ್ ನೋಡುವುದು. ಪ್ರಶ್ನೆಗಳು ಈ ಕ್ರಮವನ್ನೇ ಕೆದಕುತ್ತವೆ.

ಪಾಸಾಗಲು ಕೋರ್ 1ಕ್ಕೆ 900ರಲ್ಲಿ 675 ಬೇಕಿತ್ತು, ಕೋರ್ 2ಕ್ಕೆ 700.