ಮೂಡಲ್‌ಗೆ ಕೃತಿಚೌರ್ಯ ಪತ್ತೆ ಪ್ಲಗಿನ್ ಹಾಕಿದೆ, ಅಸೈನ್‌ಮೆಂಟ್‌ನಲ್ಲಿ ಕಾಣ್ತಿಲ್ಲ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಲ್ 4.5 (ಆನ್‌ಲೈನ್ ಪಾಠ, ಅಸೈನ್‌ಮೆಂಟ್ ನಡೆಸುವ ತಂತ್ರಾಂಶ). ಬರಹವನ್ನು ಬೇರೆ ಪಠ್ಯಗಳ ಜೊತೆ ಹೋಲಿಸಿ ನೋಡುವ ಟರ್ನಿಟಿನ್ ಸೇವೆಯನ್ನು ಮೂಡಲ್‌ಗೆ ಜೋಡಿಸುವ ಪ್ಲಗಿನ್ ಜಿಪ್ಪನ್ನು ಗಿಟ್‌ಹಬ್‌ನಿಂದ ಇಳಿಸಿಕೊಂಡು 'ಪ್ಲೇಜಿಯರಿಸಂ' ಫೋಲ್ಡರಿಗೆ ಹಾಕಿದೆ. ಪ್ಲಗಿನ್ ತಪ್ಪು ಜಾಗದಲ್ಲಿದೆ ಅಂತ ಎರರ್ ಬಂತು. ಜಿಪ್ ಬಿಚ್ಚಿದಾಗ ಬಂದ ಉದ್ದನೆಯ ಫೋಲ್ಡರ್ ಹೆಸರನ್ನು ಬರೀ 'ಟರ್ನಿಟಿನ್' ಎಂದು ಬದಲಿಸಿದ ಮೇಲೆ ಇನ್‌ಸ್ಟಾಲ್ ಆಯಿತು. ಪ್ಲಗಿನ್ ಪಟ್ಟಿಯಲ್ಲೂ ಇದೆ. ಆದರೆ ಅಸೈನ್‌ಮೆಂಟ್ ಸೆಟ್ಟಿಂಗ್ಸ್ ತೆರೆದರೆ ಅದರ ಸುಳಿವೇ ಇಲ್ಲ. ತೆಗೆದು ಮತ್ತೆ ಹಾಕಬೇಕಾ?

ಉತ್ತರ

ಬೇಡ ಸರ್, ತೆಗೀಬೇಡಿ. ಈ ಜಾತಿಯ ಪ್ಲಗಿನ್‌ಗಳಿಗೆಲ್ಲ ಮೂಡಲ್‌ನಲ್ಲೇ ಒಂದು ಮೇನ್ ಸ್ವಿಚ್ ಇದೆ. ಅದು ಆಫ್ ಇದ್ದರೆ ಇನ್‌ಸ್ಟಾಲ್ ಆದ ಪ್ಲಗಿನ್ ಸುಮ್ನೆ ಕೂತಿರುತ್ತದೆ, ಎರರ್ ಕೂಡ ಬರುವುದಿಲ್ಲ. ಸೈಟ್ ಅಡ್ಮಿನಿಸ್ಟ್ರೇಶನ್‌ನಲ್ಲಿ 'ಅಡ್ವಾನ್ಸ್ಡ್ ಫೀಚರ್ಸ್' ತೆರೆದು 'ಎನೇಬಲ್ ಪ್ಲೇಜಿಯರಿಸಂ ಪ್ಲಗಿನ್ಸ್' ಟಿಕ್ ಮಾಡಿ, ಸೇವ್ ಕೊಡಿ. ಆಮೇಲೆ ಪ್ಲಗಿನ್ನಿನ ಸೆಟ್ಟಿಂಗ್ಸ್‌ಗೆ ಹೋಗಿ ಟರ್ನಿಟಿನ್ ಅಕೌಂಟ್ ಐಡಿ, ಕೀ ಹಾಕಿ. ಅಸೈನ್‌ಮೆಂಟ್‌ಗೆ ಬಳಸಬೇಕು ಅನ್ನುವ ಟಿಕ್ ಅಲ್ಲಿ ಬೇರೆಯೇ ಇದೆ, ಅದನ್ನೂ ನೋಡಿ. ಪ್ಲಗಿನ್ ಉಚಿತ, ಆದರೆ ಸಂಸ್ಥೆಯ ಟರ್ನಿಟಿನ್ ಅಕೌಂಟ್ ಇಲ್ಲದೆ ಕೆಲಸ ಮಾಡುವುದಿಲ್ಲ.

ಪ್ರಶ್ನೆ

ಬಂತು ಸರ್, ತುಂಬಾ ಥ್ಯಾಂಕ್ಸ್! ಒಬ್ಬ ವಿದ್ಯಾರ್ಥಿಯಿಂದ ಫೈಲ್ ಹಾಕಿಸಿ ನೋಡಿದೆ. ಬೆಳಗ್ಗೆಯಿಂದ ಕ್ಯೂನಲ್ಲೇ ಇದೆ, ವರದಿ ಬಂದಿಲ್ಲ.

ಉತ್ತರ

ಹಾಗಾದರೆ ಕ್ರಾನ್ ನೋಡಿ, ಅಂದರೆ ಸರ್ವರಿನಲ್ಲಿ ನಿಗದಿತ ಸಮಯಕ್ಕೆ ತಾನಾಗಿ ಓಡುವ ಕೆಲಸ. ಫೈಲನ್ನು ಟರ್ನಿಟಿನ್‌ಗೆ ಕಳಿಸುವುದು, ವರದಿ ತರುವುದು ಎರಡೂ ಕ್ರಾನ್ ಕೆಲಸ. ವಿದ್ಯಾರ್ಥಿ ಸಬ್ಮಿಟ್ ಒತ್ತಿದ ಕೂಡಲೇ ಏನೂ ಹೋಗುವುದಿಲ್ಲ. ಕ್ರಾನ್ ನಿಮಿಷಕ್ಕೊಮ್ಮೆ ಓಡುವಂತಿರಲಿ. 'ಶೆಡ್ಯೂಲ್ಡ್ ಟಾಸ್ಕ್ಸ್' ಪುಟದಲ್ಲಿ ಟರ್ನಿಟಿನ್ ಟಾಸ್ಕ್ ಕೊನೆಯ ಸಲ ಯಾವಾಗ ಓಡಿದೆ ಅಂತ ಇರುತ್ತದೆ. 'ನೆವರ್' ಅಂತಿದ್ದರೆ ಕಾರಣ ಸಿಕ್ಕಿತು ಅಂತಲೇ ಲೆಕ್ಕ.

ಪರೀಕ್ಷಿಸಿ ನೋಡಲು ಕ್ರಾನನ್ನು ಕೈಯಾರೆ ಓಡಿಸುವುದಾದರೆ ರೂಟ್ ಯೂಸರ್ (ಸರ್ವರಿನ ಎಲ್ಲ ಅಧಿಕಾರ ಇರುವ ಖಾತೆ) ಆಗಿ ಖಂಡಿತ ಓಡಿಸಬೇಡಿ, ವೆಬ್ ಸರ್ವರ್ ಯೂಸರ್ ಹೆಸರಲ್ಲೇ ಓಡಿಸಿ. ಇಲ್ಲದಿದ್ದರೆ ಮೂಡಲ್ ತನ್ನ ಫೈಲುಗಳನ್ನಿಡುವ ಮೂಡಲ್‌ಡೇಟಾ ಫೋಲ್ಡರಿನಲ್ಲಿ ರೂಟ್ ಹೆಸರಿನ ಕ್ಯಾಶ್ ಫೈಲುಗಳು ಹುಟ್ಟಿಕೊಂಡು ಸೈಟೇ ಕೈಕೊಡಬಹುದು.

ಕ್ರಾನ್ ಸರಿಯಿದ್ದೂ ಹೋಗದಿದ್ದರೆ ಸರ್ವರಿನಿಂದ ಹೊರಗೆ 443 ಪೋರ್ಟ್ (ಸುರಕ್ಷಿತ ವೆಬ್ ಸಂಪರ್ಕ ಹೋಗುವ ದಾರಿ) ತೆರೆದಿದೆಯಾ ಎಂದು ನೆಟ್‌ವರ್ಕ್‌ನವರನ್ನು ಕೇಳಿ.

ಪ್ರಶ್ನೆ

ಕ್ರಾನ್ ಹಾಕಿಯೇ ಇರಲಿಲ್ಲ ಸರ್, ಈಗ ವರದಿ ಬಂತು. ಸಾಮ್ಯತೆ 38% ತೋರಿಸುತ್ತಿದೆ. ಕಾಪಿ ಅಂತ ಅಂಕ ಕಡಿಮೆ ಮಾಡಬೇಕು ಅಂತಿದ್ದಾರೆ ಅಸೈನ್‌ಮೆಂಟ್ ಕೊಟ್ಟ ಮೇಡಂ.

ಉತ್ತರ

ದಯವಿಟ್ಟು ಅವರನ್ನು ತಡೆಯಿರಿ. ಆ 38% ಬರಹವು ಬೇರೆ ಕಡೆ ಇರುವ ಪಠ್ಯದ ಜೊತೆ ಎಷ್ಟು ಹೊಂದುತ್ತದೆ ಎನ್ನುವ ಲೆಕ್ಕ ಅಷ್ಟೇ, ಕದ್ದಿದ್ದಾರೆ ಎನ್ನುವ ತೀರ್ಪಲ್ಲ. ಉಲ್ಲೇಖ ಚಿಹ್ನೆಯೊಳಗಿನ ಮಾತು, ಕೊನೆಯ ಗ್ರಂಥಸೂಚಿ, ಮೇಡಂ ಅವರೇ ಕೊಟ್ಟ ಪ್ರಶ್ನೆಯ ಸಾಲು, ಎಲ್ಲವೂ ಅದರಲ್ಲಿ ಸೇರಿರಬಹುದು. ಅಸೈನ್‌ಮೆಂಟ್ ಸೆಟ್ಟಿಂಗ್ಸ್‌ನಲ್ಲಿ ಗ್ರಂಥಸೂಚಿ ಮತ್ತು ಉಲ್ಲೇಖಗಳನ್ನು ಬಿಟ್ಟು ಎಣಿಸುವ ಆಯ್ಕೆ ಇದೆ. ಅದನ್ನು ಹಾಕಿ. ಆಮೇಲೆ ಮೇಡಂ ವರದಿ ತೆರೆದು, ಬಣ್ಣ ಬಳಿದ ಒಂದೊಂದು ಸಾಲನ್ನೂ ಓದಲಿ.